ಓದುಗರ ಪ್ರಶ್ನೆ: ದುಗ್ಧನಾಳದಲ್ಲಿ ಹಾಲಿದೆಯೇ? ಸಂಜೆಗೆ ಕಾಲೇಕೆ ಊದುತ್ತದೆ?

ಪ್ರಶ್ನೆ: ದುಗ್ಧ ಎಂದರೆ ಹಾಲು. ಪಠ್ಯಪುಸ್ತಕದಲ್ಲಿ ನೋಡಿದರೆ ದುಗ್ಧರಸಕ್ಕೆ ಬಣ್ಣವೇ ಇಲ್ಲ ಎಂದಿದೆ. ಮಕ್ಕಳು ಕೇಳಿದರೆ ಏನು ಹೇಳಲಿ?
– ಪ್ರೌಢಶಾಲಾ ಶಿಕ್ಷಕಿ, ಶಿರಸಿ

ಉತ್ತರ: ಕೂದಲೆಳೆಯಂಥ ರಕ್ತನಾಳಗಳಿಂದ (ಲೋಮನಾಳ) ಜೀವಕೋಶಗಳ ನಡುವೆ ಜಿನುಗಿದ ನೀರನ್ನು ರಕ್ತಕ್ಕೆ ಮರಳಿಸುವ ನಾಳವೇ ದುಗ್ಧನಾಳ, ಅದರಲ್ಲಿ ಹರಿಯುವುದು ದುಗ್ಧರಸ. ಈ ಹೆಸರು ಹೊಟ್ಟೆಯೊಳಗಿನ ನಾಳಗಳಿಗೆ ಒಪ್ಪುತ್ತದೆ, ಕೈಕಾಲಿನವಕ್ಕೆ ಒಪ್ಪುವುದಿಲ್ಲ. ಊಟದ ತುಪ್ಪ, ಎಣ್ಣೆ ಕರುಳಿನಲ್ಲಿ ಜೀರ್ಣವಾದ ಮೇಲೆ ಅದರ ಹೆಚ್ಚಿನ ಪಾಲು ನೇರವಾಗಿ ರಕ್ತಕ್ಕೆ ಸೇರುವುದಿಲ್ಲ. ಕರುಳಿನ ಒಳಗೋಡೆಯ ಜೀವಕೋಶಗಳು ಆ ಕೊಬ್ಬನ್ನು ಸಣ್ಣ ಸಣ್ಣ ಹನಿಗಳಾಗಿ ಕಟ್ಟುತ್ತವೆ. ಆ ಹನಿಗಳೂ ರಕ್ತದ ಲೋಮನಾಳದೊಳಗೆ ನುಗ್ಗಲಾರದಷ್ಟು ದೊಡ್ಡವು. ಪಕ್ಕದ ದುಗ್ಧನಾಳದ ಗೋಡೆ ಸಡಿಲ, ಅಲ್ಲಿ ನುಸುಳುತ್ತವೆ. ಊಟವಾದ ಒಂದೆರಡು ಗಂಟೆಗೆ ಆ ನಾಳಗಳು ಅಚ್ಚ ಬಿಳುಪಾಗುತ್ತವೆ, ಉಪವಾಸವಿದ್ದರೆ ಕಾಣುವುದೇ ಕಷ್ಟ. 1622ರಲ್ಲಿ ಇಟಲಿಯ ವೈದ್ಯ ಗಾಸ್ಪಾರೆ ಅಸೆಲ್ಲಿ ಇವನ್ನು ಗುರುತಿಸಿದ್ದು ಆಗಷ್ಟೇ ತಿಂದಿದ್ದ ನಾಯಿಯೊಂದರ ಹೊಟ್ಟೆ ತೆರೆದಾಗ. ಹಸಿದ ನಾಯಿಯಾಗಿದ್ದರೆ ಅವನ ಕಣ್ಣಿಗೂ ಬೀಳುತ್ತಿರಲಿಲ್ಲ. ಅವು ಯಕೃತ್ತಿಗೆ ಹೋಗುತ್ತವೆ ಎಂದು ಅವನು ತಪ್ಪಾಗಿ ತಿಳಿದ. ಅವು ಎದೆಯೊಳಗಿನಿಂದ ಮೇಲೇರಿ ಕುತ್ತಿಗೆಯ ಬುಡದ ಅಭಿಧಮನಿಗೆ (ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳಕ್ಕೆ) ಸೇರುತ್ತವೆ ಎಂದು 1651ರಲ್ಲಿ ತೋರಿಸಿದವನು ಫ್ರಾನ್ಸಿನ ಪೆಕೆ.

ಉಳಿದೆಡೆಯ ದುಗ್ಧರಸ ತಿಳಿ ಹಳದಿ ನೀರಿನಂತಿರುತ್ತದೆ. ಇಂಗ್ಲಿಷಿನ ‘ಲಿಂಫ್’ ಬಂದಿರುವುದು ತಿಳಿನೀರು ಎಂಬರ್ಥದ ಲ್ಯಾಟಿನ್ ಪದದಿಂದ. ಅವರು ನೀರನ್ನು ನೋಡಿ ಹೆಸರಿಟ್ಟರು, ನಮ್ಮ ಪದದಲ್ಲಿ ಹಾಲಿದೆ. ಎರಡೂ ಅರ್ಧ ಸರಿ. ದಿನಕ್ಕೆ ಸುಮಾರು 2ರಿಂದ 3 ಲೀಟರ್ ದುಗ್ಧರಸ ಹೀಗೆ ರಕ್ತಕ್ಕೆ ಮರಳುತ್ತದೆ. ರಕ್ತದ ಪ್ಲಾಸ್ಮಾ, ಅಂದರೆ ರಕ್ತಕಣಗಳನ್ನು ಬಿಟ್ಟು ಉಳಿದ ದ್ರವ, ಒಟ್ಟು ಇರುವುದೇ ಸುಮಾರು 3 ಲೀಟರ್ ಎಂಬುದನ್ನೂ ಮಕ್ಕಳಿಗೆ ಹೇಳಿ. ಈ ದಾರಿ ಮುಚ್ಚಿದರೆ ಏನಾದೀತೆಂದು ಅವರೇ ಲೆಕ್ಕ ಹಾಕುತ್ತಾರೆ.

ಪ್ರಶ್ನೆ: ಬಟ್ಟೆ ಅಂಗಡಿಯಲ್ಲಿ ದಿನವಿಡೀ ನಿಂತೇ ಕೆಲಸ. ಸಂಜೆಗೆ ಕಣಕಾಲು ಊದಿ ಚಪ್ಪಲಿಯ ಪಟ್ಟಿಯ ಗುರುತು ಬೀಳುತ್ತದೆ, ಬೆಳಗ್ಗೆ ಇಳಿದಿರುತ್ತದೆ. ಇದು ನರ ಉಬ್ಬಿದ್ದೋ, ನೀರು ತುಂಬಿದ್ದೋ? ಕ್ರೇಪ್ ಬ್ಯಾಂಡೇಜ್ ಕಟ್ಟಿದರೆ ಪಾದ ಇನ್ನೂ ಊದುತ್ತದೆ.
– ಓದುಗರು, ದಾವಣಗೆರೆ

ಉತ್ತರ: ಮೊದಲು ಮಾತಿನ ಗೊಂದಲ ಬಿಡಿಸೋಣ. ನಾವೆಲ್ಲ ‘ನರ ಉಬ್ಬಿದೆ’ ಎನ್ನುವುದು ಅಭಿಧಮನಿಯನ್ನು; ಅದಕ್ಕೂ ನರಕ್ಕೂ ಸಂಬಂಧವಿಲ್ಲ. ಸುಮ್ಮನೆ ನಿಂತಾಗ ಪಾದದ ಅಭಿಧಮನಿಯಲ್ಲಿ ಒತ್ತಡ ಪಾದರಸದ ಸುಮಾರು 90 ಮಿ.ಮೀ. ಇರುತ್ತದೆ, ಏಕೆಂದರೆ ಹೃದಯದವರೆಗಿನ ರಕ್ತದ ಕಂಬವೆಲ್ಲ ಅದರ ಮೇಲೆ ನಿಂತಿದೆ. ನಡೆಯತೊಡಗಿದರೆ ಮೀನಖಂಡ ಹಿಂಡಿ ರಕ್ತವನ್ನು ಮೇಲೆ ತಳ್ಳುತ್ತದೆ, ಕವಾಟಗಳು ಅದು ಹಿಂದೆ ಜಾರದಂತೆ ತಡೆಯುತ್ತವೆ, ಒತ್ತಡ 30ರ ಆಸುಪಾಸಿಗೆ ಇಳಿಯುತ್ತದೆ. ಕವಾಟ ಸಡಿಲವಾದವರಲ್ಲಿ ನಡೆದರೂ ಅಷ್ಟು ಇಳಿಯುವುದಿಲ್ಲ. ಆ ಒತ್ತಡಕ್ಕೆ ನೀರು ಲೋಮನಾಳದಿಂದ ಹೊರಗೆ ಜಿನುಗುತ್ತದೆ.

ಬ್ಯಾಂಡೇಜಿನ ತಪ್ಪು ಇಲ್ಲಿದೆ: ಮೀನಖಂಡಕ್ಕೆ ಮಾತ್ರ ಸುತ್ತಿದರೆ ಅದು ದಾರದ ಕಟ್ಟಿನ ಹಾಗೆ ಕೆಳಗಿನದನ್ನು ಕೆಳಗೇ ನಿಲ್ಲಿಸುತ್ತದೆ. ಒತ್ತಡ ಕಣಕಾಲಿನಲ್ಲಿ ಅತಿ ಹೆಚ್ಚು, ಮೇಲೇರಿದಂತೆ ಕಡಿಮೆ ಇರಬೇಕು. ಅದಕ್ಕೆ ಅಳತೆಗೆ ತಕ್ಕ ಒತ್ತು ಕಾಲುಚೀಲವೇ ವಾಸಿ. ಸಾಮಾನ್ಯವಾಗಿ 20–30 ಮಿ.ಮೀ. ಒತ್ತಡದ ದರ್ಜೆಯದು. ಅಳತೆಯನ್ನು ಬೆಳಗ್ಗೆ, ಊತ ಇಲ್ಲದಾಗ, ಕಣಕಾಲಿನ ಅತಿ ಸಣ್ಣ ಸುತ್ತಿನಲ್ಲೂ ಮೀನಖಂಡದ ಅತಿ ದೊಡ್ಡ ಸುತ್ತಿನಲ್ಲೂ ತೆಗೆಯಬೇಕು. ಸಂಜೆ ಅಳೆದು ತಂದ ಚೀಲ ಬೆಳಗ್ಗೆ ಸಡಿಲವಾಗುತ್ತದೆ. ಹಾಸಿಗೆಯಿಂದ ಇಳಿಯುವ ಮೊದಲೇ ತೊಡಿ. ಉದ್ದವಾಯಿತೆಂದು ಮೇಲಂಚನ್ನು ಮಡಚಬೇಡಿ, ಮಡಿಕೆ ಬಿದ್ದಲ್ಲಿ ಒತ್ತಡ ಇಮ್ಮಡಿಯಾಗುತ್ತದೆ. ಆರು ತಿಂಗಳಿಗೆ ಎಲಾಸ್ಟಿಕ್ ಸೋಲುತ್ತದೆ. ಸಕ್ಕರೆ ಕಾಯಿಲೆ ಇರುವವರು, ಬೀಡಿ-ಸಿಗರೇಟು ಸೇದುವವರು ಕೊಳ್ಳುವ ಮೊದಲು ಪಾದದ ನಾಡಿ ಪರೀಕ್ಷಿಸಿಕೊಳ್ಳಲೇಬೇಕು. ರಕ್ತ ತರುವ ಅಪಧಮನಿಯೇ ಕಿರಿದಾದ ಕಾಲಿಗೆ ಬಿಗಿ ಚೀಲ ಹಾಕಿದರೆ ಬೆರಳು ಕಪ್ಪಾಗಬಹುದು. ರಾತ್ರಿ ಮಂಚದ ಕಾಲಿನ ಕಡೆಗೆ 15 ಸೆಂ.ಮೀ. ಎತ್ತರ ಕೊಡಿ, ಒಂದೊಂದು ಕಾಲಿನಡಿ ಎರಡು ಇಟ್ಟಿಗೆ ಇಟ್ಟರೆ ಸಾಕು. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗ ತುದಿಗಾಲಲ್ಲಿ ಏರಿ ಇಳಿಯುವುದನ್ನು ಹತ್ತಿಪ್ಪತ್ತು ಸಲ ಮಾಡಿ.

ದುಗ್ಧನಾಳದ ಊತವೇ ಎಂದು ನೋಡಲು ಒಂದು ಸುಲಭ ಪರೀಕ್ಷೆ ಇದೆ. ಹೆಬ್ಬೆರಳ ಪಕ್ಕದ ಬೆರಳಿನ ಬುಡದಲ್ಲಿ ಚರ್ಮವನ್ನು ಚಿವುಟಿ ಎತ್ತಿ. ಎತ್ತಲು ಬಾರದಷ್ಟು ದಪ್ಪವಾಗಿದ್ದರೆ ದುಗ್ಧನಾಳದ ತೊಂದರೆ ಎಂದು ಶಂಕಿಸಬೇಕು. ಅಭಿಧಮನಿಯ ಊತ ಸಾಮಾನ್ಯವಾಗಿ ಬೆರಳುಗಳನ್ನು ಬಿಟ್ಟು ಕಣಕಾಲಿನ ಸುತ್ತ ನಿಲ್ಲುತ್ತದೆ, ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆ, ವರ್ಷಗಳು ಕಳೆದಂತೆ ಒಳಮಗ್ಗುಲ ಚರ್ಮ ಕಂದಾಗುತ್ತದೆ. ಎರಡೂ ಕಾಲು ಸಮನಾಗಿ ಊದುತ್ತಿದ್ದರೆ ಮೂತ್ರದಲ್ಲಿ ಪ್ರೋಟೀನ್, ಹೃದಯ, ಯಕೃತ್ತು, ಥೈರಾಯ್ಡ್ ನೋಡಿಸಿ. ಬಿಪಿಗೆ ಆಮ್ಲೋಡಿಪಿನ್ ನುಂಗುತ್ತಿದ್ದರೆ ವೈದ್ಯರಿಗೆ ಹೇಳಿ. ಅದರಿಂದ ಬರುವ ಊತ ಮೂತ್ರ ಹೆಚ್ಚಿಸುವ ಮಾತ್ರೆಗೆ ಬಗ್ಗುವುದಿಲ್ಲ, ಮಾತ್ರೆ ಬದಲಿಸಬೇಕಾಗುತ್ತದೆ.

ಒಂದೇ ಕಾಲು ಒಂದೆರಡು ದಿನದಲ್ಲಿ ಊದಿ ನೋಯುತ್ತಿದ್ದರೆ ಮಾತೇ ಬೇರೆ. ಮಂಡಿಯ ಕೆಳಗೆ ಕೈಗೆ ಸಿಗುವ ಎಲುಬಿನ ಉಬ್ಬಿನಿಂದ 10 ಸೆಂ.ಮೀ. ಕೆಳಗೆ ಎರಡೂ ಕಾಲಿನ ಸುತ್ತಳತೆ ತೆಗೆಯಿರಿ. 3 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರುವ ಶಂಕೆ. ಅಂದೇ ಡಾಪ್ಲರ್ (ರಕ್ತದ ಹರಿವು ತೋರಿಸುವ ಸ್ಕ್ಯಾನ್) ಮಾಡಿಸಬೇಕು. ವ್ಯತ್ಯಾಸ ಕಡಿಮೆ ಇದೆಯೆಂದು ನೋವನ್ನು ಕಡೆಗಣಿಸಲೂಬೇಡಿ. ಎಣ್ಣೆ ಹಚ್ಚಿ ತಿಕ್ಕುವುದಂತೂ ಬೇಡವೇ ಬೇಡ, ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದೀತು.

ಪ್ರಶ್ನೆ: ಅಭಿಧಮನಿಯಲ್ಲಿ ಕವಾಟವಿದೆ ಎಂದು ನಮ್ಮ ಕೈಯಲ್ಲೇ ನೋಡಬಹುದೇ?
– ಪಿಯುಸಿ ವಿದ್ಯಾರ್ಥಿ, ಹಾಸನ

ಉತ್ತರ: ನೋಡಬಹುದು. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ಅಚ್ಚು ಹಾಕಿಸಿ ತೋರಿಸಿದ್ದೇ ಇದನ್ನು. ಮೊಣಕೈಯ ಮೇಲೆ ಬಟ್ಟೆಯ ಪಟ್ಟಿಯನ್ನು ನಾಡಿ ನಿಲ್ಲದಷ್ಟು ಹದವಾಗಿ ಕಟ್ಟಿ, ಮುಷ್ಟಿ ಬಿಗಿಯಿರಿ. ಮುಂಗೈಯಲ್ಲಿ ಉಬ್ಬಿದ ನಾಳದ ಮೇಲೆ ಅಲ್ಲಲ್ಲಿ ಗಂಟು ಕಾಣುತ್ತದೆ, ಅಲ್ಲೆಲ್ಲ ಕವಾಟ. ಗಂಟಿನ ಕೆಳಗೆ, ಅಂದರೆ ಮಣಿಕಟ್ಟಿನ ಕಡೆ, ಒಂದು ಬೆರಳಿನಿಂದ ನಾಳವನ್ನು ಒತ್ತಿ ಹಿಡಿಯಿರಿ. ಇನ್ನೊಂದು ಬೆರಳಿನಿಂದ ರಕ್ತವನ್ನು ಮೇಲಕ್ಕೆ, ಗಂಟು ದಾಟುವವರೆಗೆ ಸವರಿ ಬಿಡಿ. ಒತ್ತಿದ ಬೆರಳಿನಿಂದ ಗಂಟಿನವರೆಗಿನ ತುಂಡು ಖಾಲಿಯಾಗಿಯೇ ಉಳಿಯುತ್ತದೆ. ಮೇಲಿನ ರಕ್ತ ಇಳಿಯುವುದಿಲ್ಲ. ಒತ್ತಿದ ಬೆರಳು ಎತ್ತಿದೊಡನೆ ಕೆಳಗಿನಿಂದ ತುಂಬುತ್ತದೆ. ಎರಡು ನಿಮಿಷಕ್ಕಿಂತ ಹೆಚ್ಚು ಕಟ್ಟಿಡಬೇಡಿ.

ನಾಳ ನೀಲಿ ಕಂಡರೂ ರಕ್ತ ನೀಲಿಯಲ್ಲ, ಕಡುಗೆಂಪು. ಚರ್ಮದ ಮೂಲಕ ಬೆಳಕು ಚದುರಿ ಬರುವ ರೀತಿ ಕಣ್ಣಿಗೆ ಹಾಗೆ ಕಾಣಿಸುತ್ತದೆ.

ಪ್ರಶ್ನೆ: ಶವಚ್ಛೇದನದಲ್ಲಿ ಎದೆಯ ದುಗ್ಧನಾಳ ನಮ್ಮ ಮೇಜಿನಲ್ಲಿ ಸಿಗಲೇ ಇಲ್ಲ. ಪಕ್ಕದ ಮೇಜಿನವರು ತುಂಡರಿಸಿಬಿಟ್ಟರು. ಹುಡುಕುವುದು ಹೇಗೆ?
– ಎಂಬಿಬಿಎಸ್ ಮೊದಲ ವರ್ಷ, ಮೈಸೂರು

ಉತ್ತರ: ಸಿಗದ್ದು ನಿಮ್ಮ ತಪ್ಪೇ ಆಗಿರಬೇಕಿಲ್ಲ. ಶವಕ್ಕೆ ಫಾರ್ಮಾಲಿನ್ ತುಂಬುವುದು ಅಪಧಮನಿಯ ಮೂಲಕ. ದುಗ್ಧನಾಳ ಖಾಲಿಯಾಗಿ ಚಪ್ಪಟೆ ಬಿದ್ದಿರುತ್ತದೆ. ಅಗಲ 2ರಿಂದ 5 ಮಿ.ಮೀ., ನೋಡಲು ಕೊಬ್ಬಿನ ಎಳೆಯಂತೆ. ‘ಚೊಕ್ಕ ಮಾಡುತ್ತೇವೆ’ ಎಂದು ಹೊರಟವರ ಕೈಯಲ್ಲಿ ಅದು ಕೊಬ್ಬಿನ ಜೊತೆ ಬಕೆಟ್ ಸೇರಿರುತ್ತದೆ.

ಬಲ ಶ್ವಾಸಕೋಶ ತೆಗೆದ ಮೇಲೆ ಬಲಗಡೆಯಿಂದ ಹೋಗಿ. ಬೆನ್ನುಮೂಳೆಯ ಮೇಲಿನ ಪೊರೆಯನ್ನು ಬಿಡಿಸಿ, ಅನ್ನನಾಳವನ್ನು ಎಡಕ್ಕೆ ಸರಿಸಿ. ಬಲಕ್ಕೆ ಅಜೈಗಸ್ ಅಭಿಧಮನಿ, ಎಡಕ್ಕೆ ಮಹಾಪಧಮನಿ; ಇವೆರಡರ ನಡುವಿನ ಸಡಿಲ ಅಂಗಾಂಶದಲ್ಲಿ ಅದು ಇರುತ್ತದೆ. ಇಲ್ಲಿ ಬ್ಲೇಡ್ ಮುಟ್ಟಬೇಡಿ. ಮೊಂಡು ಫೋರ್ಸೆಪ್ಸಿನ ತುದಿಯನ್ನು ನಾಳದ ಉದ್ದಕ್ಕೆ ಸಮಾನಾಂತರವಾಗಿ ಇಟ್ಟು ತೆರೆಯುತ್ತ ಹೋಗಿ. ಅಡ್ಡಕ್ಕೆ ತೆರೆದರೆ ಹರಿಯುತ್ತದೆ. ಅಜೈಗಸ್‌ನಲ್ಲಿ ಹೆಪ್ಪುಗಟ್ಟಿದ ರಕ್ತದ ಕಪ್ಪು ಕಾಣುತ್ತದೆ, ದುಗ್ಧನಾಳ ಬಿಳಿಚಿ, ಕವಾಟಗಳಿಂದಾಗಿ ಮಣಿ ಪೋಣಿಸಿದ ಹಾಗಿರುತ್ತದೆ. ಬಲಗಡೆಯ ಪಕ್ಕೆಲುಬಿನ ಅಪಧಮನಿಗಳು ಅದರ ಹಿಂದಿನಿಂದ ದಾಟುತ್ತವೆ. ಆ ಅಪಧಮನಿಗಳು ಮುಂದಿನಿಂದ ದಾಟುವಂಥ ಎಳೆ ಸಿಕ್ಕರೆ ಅದು ದುಗ್ಧನಾಳವಲ್ಲ, ಬೇರೇನೋ.

ಖಚಿತಪಡಿಸಿಕೊಳ್ಳಲು 26 ಗೇಜಿನ ಸೂಜಿಯಿಂದ, ತುದಿ ಮೇಲ್ಮುಖವಾಗಿ, ಬಣ್ಣದ ನೀರನ್ನು ನಿಧಾನ ಬಿಡಿ. ಐದನೆಯ ಎದೆ ಕಶೇರುಕದ ಹತ್ತಿರ ಅದು ಎಡಕ್ಕೆ ತಿರುಗುತ್ತದೆ, ಕುತ್ತಿಗೆಯಲ್ಲಿ ಕಮಾನು ಬಾಗಿ, ಎಡಗಡೆಯ ಜುಗುಲಾರ್ ಮತ್ತು ಸಬ್‌ಕ್ಲೇವಿಯನ್ ಅಭಿಧಮನಿಗಳು ಕೂಡುವಲ್ಲಿ ತೆರೆಯುತ್ತದೆ. ಒಟ್ಟು ಉದ್ದ 38ರಿಂದ 45 ಸೆಂ.ಮೀ. ಕೆಳತುದಿಯ ಚೀಲ ಎಲ್ಲರಲ್ಲೂ ಇರುವುದಿಲ್ಲ, ಕೆಲವರಲ್ಲಿ ನಾಳವೇ ಎರಡು. ಹಾಗೆ ಕಂಡರೆ ಕತ್ತರಿಸದೆ ಅಧ್ಯಾಪಕರನ್ನು ಕರೆಯಿರಿ.

ಪ್ರಶ್ನೆ: ಎಡಗಡೆ ಕಾಲರ್ ಎಲುಬಿನ ಮೇಲೆ ಗಟ್ಟಿ ಗಂಟಿದೆ, ನೋವಿಲ್ಲ. ಕಾಯಬಹುದೇ?
– ಓದುಗರು, ಹುಬ್ಬಳ್ಳಿ

ಉತ್ತರ: ಬೇಡ, ಈ ವಾರವೇ ತೋರಿಸಿ. ಮೇಲಿನ ಉತ್ತರದಲ್ಲಿ ಹೇಳಿದ ನಾಳ ಕೊನೆಗೊಳ್ಳುವುದು ಅಲ್ಲೇ. ಹೊಟ್ಟೆಯೊಳಗಿನ ಕ್ಯಾನ್ಸರ್ ಕೆಲವೊಮ್ಮೆ ಮೊದಲು ಕಾಣಿಸಿಕೊಳ್ಳುವುದು ಅಲ್ಲಿನ ದುಗ್ಧಗ್ರಂಥಿಯಲ್ಲಿ, ಅಂದರೆ ದುಗ್ಧನಾಳದ ದಾರಿಯಲ್ಲಿರುವ ಗಂಟಿನಲ್ಲಿ. ಕ್ಷಯವೂ ಇರಬಹುದು. ಸೂಜಿ ಚುಚ್ಚಿ ಜೀವಕೋಶ ತೆಗೆದು ನೋಡಿದರೆ ಬಹುಪಾಲು ತಿಳಿಯುತ್ತದೆ.

ಪ್ರಶ್ನೆ: ಅಮ್ಮನಿಗೆ ಆನೆಕಾಲು. ಸರ್ಕಾರ ಕೊಡುವ ಮಾತ್ರೆ ಪ್ರತಿ ಸಲವೂ ನುಂಗಿದ್ದಾರೆ, ಕಾಲು ಇಳಿದಿಲ್ಲ. ಮಾತ್ರೆ ದಂಡವೇ?
– ಓದುಗರು, ಕಲಬುರಗಿ

ಉತ್ತರ: ದಂಡವಲ್ಲ, ಆದರೆ ಅದು ಕಾಲು ಇಳಿಸುವ ಮಾತ್ರೆಯೂ ಅಲ್ಲ. ಆಲ್ಬೆಂಡಜೋಲ್, ಡಿಇಸಿ, ಕೆಲವೆಡೆ ಐವರ್ಮೆಕ್ಟಿನ್ ಕೊಡುವುದು ರಕ್ತದಲ್ಲಿರುವ ಆನೆಕಾಲು ರೋಗದ ಮರಿಹುಳುಗಳನ್ನು ತೊಲಗಿಸಿ, ಕ್ಯೂಲೆಕ್ಸ್ ಸೊಳ್ಳೆ ಅವನ್ನು ಇನ್ನೊಬ್ಬರಿಗೆ ಒಯ್ಯದಂತೆ ಮಾಡಲು. ದೊಡ್ಡ ಹುಳುಗಳು ದುಗ್ಧನಾಳದಲ್ಲಿ ವರ್ಷಗಟ್ಟಲೆ ಬದುಕಿ ಅದನ್ನು ಹಿಗ್ಗಿಸಿರುತ್ತವೆ, ಕವಾಟ ಕೆಟ್ಟಿರುತ್ತದೆ. ಹುಳು ಸತ್ತರೂ ಕವಾಟ ಮರಳಿ ಬರುವುದಿಲ್ಲ.

ಕಾಲು ವರ್ಷದಿಂದ ವರ್ಷಕ್ಕೆ ದಪ್ಪವಾಗುವುದಕ್ಕೆ ದೊಡ್ಡ ಕಾರಣ ಚಳಿಜ್ವರದ ಜೊತೆ ಕಾಲು ಕೆಂಪಾಗಿ ಉರಿಯುವ ಆ ಸರದಿಗಳು. ಅವಕ್ಕೆ ಬಾಗಿಲು ಬೆರಳ ಸಂದಿನ ಬಿರುಕು. ದಿನಕ್ಕೊಮ್ಮೆಯಾದರೂ ಸಾದಾ ಸೋಪು, ತಣ್ಣೀರಿನಿಂದ ಮೇಲಿನಿಂದ ಕೆಳಕ್ಕೆ ತೊಳೆಯಿರಿ, ಬ್ರಷ್ ಬೇಡ. ಬೆರಳ ಸಂದು, ಚರ್ಮದ ಮಡಿಕೆಗಳಲ್ಲಿ ತೆಳು ಹತ್ತಿಬಟ್ಟೆ ತೂರಿಸಿ ಪೂರ್ತಿ ಒಣಗಿಸಿ, ಇಲ್ಲಿಯೇ ಎಲ್ಲರೂ ಅವಸರ ಮಾಡುವುದು. ಬಿಳುಪಾಗಿ ನೆನೆದ ಸಂದಿಗೆ ವೈದ್ಯರು ಹೇಳಿದ ಶಿಲೀಂಧ್ರದ ಮುಲಾಮು ಹಚ್ಚಿ. ಕೂತಾಗ ಕಾಲನ್ನು ಸ್ಟೂಲಿನ ಮೇಲಿಟ್ಟು ಕಣಕಾಲು ಮೇಲೆ ಕೆಳಗೆ ಆಡಿಸಲಿ. ಜ್ವರ ಬಂದಾಗ ಮಾತ್ರ ವ್ಯಾಯಾಮ, ಪಟ್ಟಿ, ತಿಕ್ಕುವುದು ಎಲ್ಲ ನಿಲ್ಲಿಸಿ. ಒದ್ದೆ ತಣ್ಣನೆಯ ಬಟ್ಟೆ ಹಾಕಿ, ಆ್ಯಂಟಿಬಯೋಟಿಕ್‌ಗೆ ಅಂದೇ ಆಸ್ಪತ್ರೆಗೆ ಹೋಗಿ. ಬಿಸಿ ಶಾಖ, ಬರೆ, ಸೂಜಿ ಚುಚ್ಚಿ ನೀರು ತೆಗೆಸುವುದು ಮೂರೂ ಹೊಸ ಗಾಯ ಮಾಡಿ ಮುಂದಿನ ಜ್ವರವನ್ನು ಕರೆಯುತ್ತವೆ. ಈ ಜ್ವರದ ಸರದಿಗಳು ನಿಂತ ಕೆಲವು ತಿಂಗಳಿಗೆ ಚರ್ಮ ಮೆದುವಾಗುತ್ತದೆ, ಎಷ್ಟೋ ಜನರಲ್ಲಿ ಸುತ್ತಳತೆಯೂ ಸ್ವಲ್ಪ ಇಳಿಯುತ್ತದೆ. ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಅಳೆದು ಬರೆದಿಡಿ.