ಎಸ್‌ಎಲ್‌ಆರ್, ಎಂ14, ಜಿ3: ಯಾವುದು ಮೇಲು?

ಪ್ರಶ್ನೆ: ನಮ್ಮ ತಂದೆಯವರು ಸೇನೆಯಲ್ಲಿ ಬಳಸುತ್ತಿದ್ದ ಎಸ್‌ಎಲ್‌ಆರ್ (ಸೆಲ್ಫ್ ಲೋಡಿಂಗ್ ರೈಫಲ್), ಅಮೆರಿಕದ ಎಂ14, ಜರ್ಮನಿಯ ಜಿ3 ಇವುಗಳಲ್ಲಿ ನೆಚ್ಚಿಕೆಗೆ ಯಾವುದು ಮೇಲು, ಗುರಿಗೆ ಯಾವುದು ಮೇಲು?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಮೂರೂ 7.62x51 ಮಿ.ಮೀ. ಗುಂಡನ್ನೇ ಹಾರಿಸುತ್ತವೆ, ವ್ಯತ್ಯಾಸವಿರುವುದು ಒಳಗಿನ ರಚನೆಯಲ್ಲಿ. ಇಛಾಪುರದ ಕಾರ್ಖಾನೆಯಲ್ಲಿ ತಯಾರಾದ ಎಸ್‌ಎಲ್‌ಆರ್ ಬೆಲ್ಜಿಯಂನ ಎಫ್‌ಎಎಲ್ ರೈಫಲ್‌ನ ವಂಶದ್ದು. ಇದರಲ್ಲಿ ಗುಂಡು ಹಾರಿದಾಗ ಹುಟ್ಟಿ ಪಿಸ್ಟನ್ನನ್ನು ತಳ್ಳುವ ಅನಿಲದ ಪ್ರಮಾಣವನ್ನು ಸೈನಿಕನೇ ಹೊಂದಿಸಿಕೊಳ್ಳಬಹುದಾದ್ದರಿಂದ, ಕೊಳೆ ಕಟ್ಟಿ ರೈಫಲ್ ಮಂದವಾದಾಗ ಒಂದೆರಡು ಹಂತ ತಿರುಗಿಸಿ ಮತ್ತೆ ಓಡಿಸಬಹುದು. ಆದರೆ ನುಣ್ಣನೆಯ ಮರಳು ಇದಕ್ಕೆ ಆಗದು. ಬ್ರಿಟಿಷರು ಅದಕ್ಕಾಗಿಯೇ ಬೋಲ್ಟ್ ಕ್ಯಾರಿಯರ್ (ನಳಿಗೆಯ ಹಿಂಬದಿ ಮುಚ್ಚುವ ಬೋಲ್ಟನ್ನು ಹೊತ್ತು ಹಿಂದೆ ಮುಂದೆ ಸರಿಯುವ ಭಾಗ) ಮೇಲೆ ತೋಡುಗಳನ್ನು ಕೊರೆದರು. ಜಿ3ಯಲ್ಲಿ ಅನಿಲದ ಕೊಳವೆಯೂ ಇಲ್ಲ, ಪಿಸ್ಟನ್ನೂ ಇಲ್ಲ. ಎರಡು ರೋಲರ್‌ಗಳು ಬೋಲ್ಟ್ ಹಿಂದೆ ಸರಿಯುವುದನ್ನು ತಡಮಾಡುತ್ತವೆ. ಹಾರಿಸಿದ ಮೇಲೆ ಹೊರಬೀಳುವ ಖಾಲಿ ತೋಟಾದ ಮೇಲೆ ಉದ್ದುದ್ದ ಕಪ್ಪು ಗೆರೆಗಳು ಮೂಡಿರುವುದೇ ಜಿ3ಯ ಗುರುತು. ಒರಟು ಬಳಕೆಗೆ ನಾನು ಇದನ್ನೇ ಮುಂದಿಡುತ್ತೇನೆ, ಭುಜಕ್ಕೆ ಬೀಳುವ ಒದೆತ ಮಾತ್ರ ಜೋರು.

ಗುರಿಯ ವಿಷಯದಲ್ಲಿ ಎಂ14 ಮುಂದು, ಏಕೆಂದರೆ ಅದರ ಹಿಂದಿನ ಗುರಿಕಿಂಡಿಯನ್ನು ಬಹಳ ಸೂಕ್ಷ್ಮವಾಗಿ ಹೊಂದಿಸಬಹುದು. ಆದರೂ ವಿಯೆಟ್ನಾಂನ ತೇವಕ್ಕೆ ಅದರ ಮರದ ಹಿಡಿ ಉಬ್ಬಿ ಗುರಿ ತಪ್ಪುತ್ತಿತ್ತು. ಎಸ್‌ಎಲ್‌ಆರ್‌ನ ಹಿಂದಿನ ಗುರಿಕಿಂಡಿ ಮಡಚಿ ತೆರೆಯುವ ಕೆಳಭಾಗದ ಮೇಲಿರುವುದರಿಂದ, ಕೀಲು ಸವೆದಂತೆ ಗುರಿಯೂ ಸಡಿಲವಾಗುತ್ತದೆ.