ಕಡಲೆಕಾಯಿ ನೆಲದಲ್ಲೇ ಮೊಳೆಯೋದು ಏಕೆ?

ಅಣ್ಣಾ, ಟಿಎಂವಿ-2 ಎಂಬ ಗೊಂಚಲು ತಳಿಯ ಕಡಲೆಕಾಯಿ ಕೀಳುವ ಹೊತ್ತಿಗೆ ಮಳೆ ಹಿಡಿದು ಕಾಯಿ ನೆಲದಲ್ಲೇ ಮೊಳೆತವು ಅಂದಿರಿ. ಪಕ್ಕದ ಹೊಲದ ಹಬ್ಬು ತಳಿಯ (ನೆಲದ ಮೇಲೆ ಹರಡುವ ತಳಿ) ಬೀಜವನ್ನು ಕಿತ್ತ ಕೂಡಲೇ ಬಿತ್ತಿದರೆ ಹುಟ್ಟಲೇ ಇಲ್ಲ ಅಂತಲೂ ಬರೆದಿದ್ದೀರಿ. ಇದು ಭೂಮಿಯ ದೋಷವಲ್ಲ, ತಳಿಯ ಗುಣ.

ಬೀಜ ಬಲಿಯುವಾಗ ಅದರೊಳಗೆ ಮೊಳಕೆಯನ್ನು ತಡೆಯುವ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಏರುತ್ತದೆ. ಸುಲಭಕ್ಕೆ ಎಬಿಎ ಅನ್ನೋಣ. ಅದು ಜೀನ್‌ಗಳನ್ನು ತಾನೇ ಹೋಗಿ ಮುಟ್ಟುವುದಿಲ್ಲ. ಜೀವಕೋಶದಲ್ಲಿ ಒಂದು ಪ್ರೋಟೀನು ಕೈನೇಸ್ ಎಂಬ ಕಿಣ್ವವನ್ನು ಅದುಮಿ ಇಟ್ಟಿರುತ್ತದೆ. ಎಬಿಎ ತನ್ನ ಗ್ರಾಹಕಕ್ಕೆ, ಅಂದರೆ ಅದನ್ನು ಗುರುತಿಸಿ ಹಿಡಿಯುವ ಪ್ರೋಟೀನಿಗೆ, ಅಂಟಿದಾಗ, ಆ ಗ್ರಾಹಕ ಈ ಅದುಮುವ ಪ್ರೋಟೀನನ್ನೇ ಹಿಡಿದುಕೊಳ್ಳುತ್ತದೆ. ಕೈನೇಸ್‌ಗೆ ಬಿಡುಗಡೆ. ಅದು ಎಬಿಐ5 ಎಂಬ ಇನ್ನೊಂದು ಪ್ರೋಟೀನನ್ನು ಚುರುಕು ಮಾಡುತ್ತದೆ. ಎಬಿಐ5 ಡಿಎನ್‌ಎ ಮೇಲೆ ಕೂತು, ಬೀಜ ಒಣಗಿದರೂ ಸಾಯದಂತೆ ಕಾಯುವ ಜೀನ್‌ಗಳನ್ನು ಶುರು ಮಾಡಿಸುತ್ತದೆ. ಇಷ್ಟೆಲ್ಲ ಬಿಡಿಸಿದ್ದು ಹೆಚ್ಚಾಗಿ ಅರಬಿಡಾಪ್ಸಿಸ್ ಎಂಬ ಸಾಸಿವೆ ಕುಟುಂಬದ ಪುಟ್ಟ ಗಿಡದಲ್ಲಿ. ಗ್ರಾಹಕ ಯಾವುದೆಂದು ಖಚಿತವಾಗಿದ್ದು 2009ರಲ್ಲಿ. ಎಬಿಎ ತಯಾರಿಸಲಾಗದ ಮೆಕ್ಕೆಜೋಳದ ಗಿಡಗಳೂ ಇವೆ, ಅವುಗಳ ಕಾಳು ತೆನೆಯಲ್ಲೇ ಮೊಳೆಯುತ್ತದೆ.

ಜಿಬ್ಬರೆಲಿನ್ ಎಂಬ ಇನ್ನೊಂದು ಹಾರ್ಮೋನು ಇದಕ್ಕೆ ಉಲ್ಟಾ. ಮೊಳಕೆಯನ್ನು ತಡೆಯುವ ಡೆಲ್ಲಾ ಪ್ರೋಟೀನುಗಳನ್ನು ಅದು ಒಡೆಸುತ್ತದೆ.

ಬಲಿತ ಬೀಜ ಮೊಳೆಯದೆ ಸುಮ್ಮನಿರುವುದನ್ನು ನಿದ್ದೆ ಅನ್ನೋಣ. ಆದರೆ ಕಡಲೆಕಾಯಿಯ ನಿದ್ದೆ ಬಿಡಿಸುವುದರಲ್ಲಿ ಎಥಿಲೀನ್ ಅನಿಲದ್ದೇ ಕೈ ಮೇಲು. ಹಬ್ಬು ತಳಿಯ ಒಂದೇ ಕಾಯಿಯಲ್ಲಿ ತುದಿಯ ಬೀಜ ಬೇಗ ಏಳುತ್ತದೆ, ತೊಟ್ಟಿನ ಕಡೆಯದು ತಡ. ಎದ್ದ ಬೀಜ ಎಥಿಲೀನ್ ಜಾಸ್ತಿ ಬಿಡುತ್ತದೆ. ಟಿಎಂವಿ-2ರಂಥ ಗೊಂಚಲು ತಳಿಗಳಿಗೆ ಈ ನಿದ್ದೆಯೇ ಇಲ್ಲ ಅನ್ನಬಹುದು. ಬಲಿತ ಕಾಯಿಗೆ ತೇವ ಸಿಕ್ಕರೆ ಸಾಕು, ಮೊಳೆಯುತ್ತದೆ.

ಹಾಗಾಗಿ ಗೊಂಚಲು ತಳಿಯಲ್ಲಿ ದಿನ ಎಣಿಸಿಕೊಂಡು ಕೂರಬೇಡಿ. ನಾಲ್ಕಾರು ಗಿಡ ಕಿತ್ತು ಸಿಪ್ಪೆ ಒಡೆದು ನೋಡಿ. ನಾಲ್ಕರಲ್ಲಿ ಮೂರು ಕಾಯಿಯ ಸಿಪ್ಪೆ ಒಳಗೆ ಕಂದಾಗಿದ್ದರೆ, ಮಳೆ ಬರೋ ಮೊದಲೇ ಕೀಳಿಸಿ. ಹಸಿ ಬಳ್ಳಿ ರಾಶಿ ಹಾಕಬೇಡಿ, ಕಾಯಿ ಮೇಲೆ ಬರುವಂತೆ ತಿರುಗಿಸಿ ಒಣಗಿಸಿ.

ಹಬ್ಬು ತಳಿಯ ಬೀಜವನ್ನು ಸಿಪ್ಪೆ ಸಮೇತ ಇಟ್ಟರೆ ಕಾಲ ಕಳೆದಂತೆ ನಿದ್ದೆ ತಾನೇ ಬಿಡುತ್ತದೆ. ತಕ್ಷಣ ಬಿತ್ತಲೇಬೇಕಾದರೆ ಎಥ್ರೆಲ್ ಎಂಬ ಔಷಧ ಇದೆ, ಅದು ಎಥಿಲೀನ್ ಬಿಡುತ್ತದೆ. ಪ್ರಮಾಣವನ್ನು ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಅಂಗಡಿಯವರು ಜಿಬ್ಬರೆಲಿನ್ ಪುಡಿ ಕೊಟ್ಟರೆ ಸುಮ್ನೆ ದುಡ್ಡು ಹಾಕಬೇಡಿ.

ಮೊಳೆತ ಕಾಯಿ ಬೀಜಕ್ಕೂ ಬೇಡ, ತಿನ್ನೋದಕ್ಕೂ ಬೇಡ. ಬೂಷ್ಟು ಹತ್ತಿ ಅಫ್ಲಟಾಕ್ಸಿನ್ ವಿಷ ಸೇರಿರಬಹುದು. ಅಂದಹಾಗೆ, ಪಕ್ಕದ ಹೊಲದ ತಳಿ ಹೆಸರು ಕೇಳಿ ಇಲ್ಲಿ ಹಾಕ್ತೀರಾ?