ಸಾಗರದಿಂದ ಮಲೆನಾಡಿನ ತಿನಿಸು ಆನ್‌ಲೈನ್‌ನಲ್ಲಿ ಮಾರುತ್ತೇನೆ. ಜನವರಿಯಲ್ಲಿ ಎಷ್ಟು ಸ್ಟಾಕ್ ತರಿಸಬೇಕು?

ದೀಪಾವಳಿ ಮಾರಾಟ ನೋಡಿ ಜನವರಿಗೆ ಸರಕು ತುಂಬಬೇಡಿ. ಹೋದ ವರ್ಷದ ಜನವರಿಯಿಂದ ಮಾರ್ಚ್‌ವರೆಗಿನ ಆರ್ಡರ್ ತೆಗೆದು, ರಿಟರ್ನ್ ಬಂದದ್ದನ್ನು ಕಳೆದು, ದಿನಕ್ಕೆ ಎಷ್ಟು ಹೋಯ್ತು ಅಂತ ನೋಡಿ. ಕಾಳುಮೆಣಸು ದಿನಕ್ಕೆ 4 ಪ್ಯಾಕೆಟ್ ಹೋಗುತ್ತೆ, ಹೊಸದು ಬರಲು 10 ದಿನ ಬೇಕು ಅನ್ನಿ. ಅಲ್ಲಿಗೆ 40 ಆಯ್ತು, ಮೇಲೆ 15 ಕೈಯಲ್ಲಿರಲಿ. ಸ್ಟಾಕ್ 55ಕ್ಕೆ ಇಳಿದ ದಿನವೇ ಹೊಸ ಸರಕಿಗೆ ಹೇಳಿಬಿಡಿ.

ಉಪ್ಪಿನಕಾಯಿಗೆ ಹಾಕುವ ಎಳೆ ಮಾವು ಅಪ್ಪೆಮಿಡಿಗೆ ಮಾತ್ರ ಈ ಲೆಕ್ಕ ನಡೆಯಲ್ಲ. ಅದು ಬೇಸಿಗೆ ಶುರುವಿನಲ್ಲಿ ಕೆಲವೇ ವಾರ ಸಿಗುತ್ತೆ, ವರ್ಷಕ್ಕಾಗುವಷ್ಟು ಆಗಲೇ ಉಪ್ಪಿಗೆ ಹಾಕಬೇಕು. ಒಳ್ಳೆ ಮಿಡಿಗೆ ರೇಟೂ ಜಾಸ್ತಿ ಅಲ್ವಾ? ಹಾಗಾಗಿ ಜನವರಿಯಲ್ಲಿ ದುಡ್ಡನ್ನೆಲ್ಲ ಬೇರೆ ಮಾಲಿಗೆ ಸುರಿಯಬೇಡಿ. ಹಳೇ ಹಲಸಿನ ಹಪ್ಪಳವನ್ನು ಸುಮ್ನೆ ಇಟ್ಟುಕೊಳ್ಳದೆ ಈಗಲೇ ರಿಯಾಯಿತಿಯಲ್ಲಿ ಕೊಟ್ಟುಬಿಡಿ. ಏಪ್ರಿಲ್, ಮೇ ಬಿಸಿಲಿಗೆ ಹೊಸದು ಬರುತ್ತೆ.